ಮೊಲಕ್ಕೂ ಆಗುವ ಊಟ

ಅನ್ನ ಚೆಲ್ಲುವವರನ್ನು ಕಂಡರೆ ನನಗಾಗುವುದಿಲ್ಲ. ಮದುವೆ ಮನೆಗೆ ಹೋದರೂ ನನ್ನ ಕಣ್ಣು ಹುಡುಗಿಯ ಸೀರೆಯ ಮೇಲಲ್ಲ, ಪಕ್ಕದವರ ಎಲೆಯ ಮೇಲೆ. ಅರ್ಧ ತಿಂದ ಹೋಳಿಗೆಯನ್ನು ಎಲೆಯೊಳಗಿಟ್ಟು ಮಡಚುವವರನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಇದು ನನ್ನ ಒಳ್ಳೆಯ ಗುಣ ಎಂದೇ ಇಷ್ಟು ದಿನ ನಂಬಿಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ನಮ್ಮವರು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸವರಿಯೇ ಹೇಳುತ್ತಿದ್ದ ಬಲಗೈ, ಈ ಸಲದ ಯುಗಾದಿ ಮುಗಿದ ಮೇಲೆ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿಯಲಿಲ್ಲ. ಸ್ಟ್ರೋಕ್ ಅಂದರು. ಬುದ್ಧಿ ನೆಟ್ಟಗೇ ಇದೆ; ಮಾತು ಹೋಯಿತು, ನುಂಗುವುದು ಕಷ್ಟವಾಯಿತು. “ತರಕಾರಿ ಬೇಯ್ಸಿ ಮಿಕ್ಸಿಗೆ ಹಾಕಿ, ಗಟ್ಟಿಯಾಗಿ ಕೊಡಿ. ಉಪ್ಪು ಕಮ್ಮಿ ಇರ್ಲಿ. ತೂಕ ಮಾತ್ರ ಇಳೀಬಾರ್ದು ಮೇಡಂ, ಇಳಿದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗುತ್ತೆ” ಎಂದರು ಡಾಕ್ಟರು. ಪೈಪ್ ಎಂದದ್ದೇ ತಡ, ಇವರು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು. ಅಷ್ಟು ಭಯಪಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. “ನಾನಿಲ್ವೇನ್ರೀ, ಪೈಪ್ ಹಾಕ್ಸೋಕೆ ಬಿಡ್ತೀನಾ?” ಎಂದೆ, ದೊಡ್ಡ ಧೀರೆಯ ಹಾಗೆ.

ಇನ್ನು ಮೊಲದ ವಿಷಯ. ಮೇಲಿನ ರೂಮಿನಲ್ಲಿ ರಾಯಚೂರು ಕಡೆಯ ಶಾಂತಮ್ಮ ಎನ್ನುವವಳು ಬಾಡಿಗೆಗಿದ್ದಳು. “ಎರಡು ದಿನ ನೋಡ್ಕೋರಿ ಅಕ್ಕಾ, ಊರಿಗೆ ಹೋಗಿ ಬಂದ್ಬಿಡ್ತೀನಿ. ಉಪ್ಪು ಖಾರ ಮಾತ್ರ ತಿನಸಬ್ಯಾಡ್ರಿ, ಮೊಲಕ್ಕ ಆಗಂಗಿಲ್ಲ” ಎಂದು ಬುಟ್ಟಿ ಕೊಟ್ಟು ಹೋದವಳು ಎರಡು ವರ್ಷವಾದರೂ ಪತ್ತೆಯಿಲ್ಲ. ಮೊಲಕ್ಕೆ ಗುಂಡ ಎಂದು ಹೆಸರಿಟ್ಟೆವು. ಮಿಕ್ಸಿಯ ಜಾರಿನಲ್ಲಿ ಯಾವಾಗಲೂ ಒಂದಿಷ್ಟು ತರಕಾರಿ ಉಳಿಯುತ್ತದಲ್ಲ, ಅದನ್ನು ಚೆಲ್ಲಲು ನನಗೆ ಮನಸ್ಸು ಬರುತ್ತದೆಯೇ? ಬಳಿದು ಗುಂಡನಿಗೆ ಹಾಕುತ್ತಿದ್ದೆ. ಗುಂಡನಿಗೆ ಹಾಕಬೇಕೆಂದರೆ ಉಪ್ಪಿರಬಾರದು. ಉಪ್ಪು, ಮೆಣಸು, ಒಗ್ಗರಣೆ ಎಲ್ಲವನ್ನೂ ಬಿಟ್ಟೆ. ಡಾಕ್ಟರು ಹೇಳಿದ್ದು ಕಮ್ಮಿ ಮಾಡಿ ಎಂದು; ಪೂರ್ತಿ ಬಿಟ್ಟದ್ದು ನಾನು, ಮೊಲದ ಆರೋಗ್ಯಕ್ಕಾಗಿ.

ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ ಎನ್ನುತ್ತೀರಿ. ನಮ್ಮತ್ತೆ ಕಲಿಸಿದ ಪಾಠ ಬೇರೆ: ಗಂಡಸರಿಗೆ ಬಡಿಸುವ ಮುಂಚೆ ಅಡುಗೆ ನಾಲಿಗೆಗೆ ತಾಗಿಸಿದರೆ ಎಂಜಲು. ಇಪ್ಪತ್ತೆರಡು ವರ್ಷದಿಂದ ಕೈ ಅಳತೆಯಲ್ಲೇ ಅಡುಗೆ ಮಾಡಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ನನ್ನ ಕೆಲಸ ಚೆಕಿಂಗ್. ಇನ್ನೊಬ್ಬರ ಹೊಲಿಗೆಯಲ್ಲಿ ತಪ್ಪು ಹುಡುಕಿಯೇ ಎಂಟು ಗಂಟೆ ಕಳೆಯುತ್ತೇನೆ. ಮನೆಯಲ್ಲಿ ನನ್ನ ಅಡುಗೆಗೆ ಚೆಕಿಂಗ್ ಎನ್ನುವುದೇ ಇರಲಿಲ್ಲ. ಯಾರಾದರೂ “ಸ್ವಲ್ಪ ಸಪ್ಪೆ” ಎಂದರೆ ಮುಗಿಯಿತು, ಆ ದಿನ ಪಾತ್ರೆಗಳು ಜೋರಾಗಿ ಮಾತಾಡುತ್ತಿದ್ದವು.

ಬೆಳಗ್ಗೆ ಬಟ್ಟಲನ್ನು ಇವರ ಎಡಗೈ ಹತ್ತಿರ ಇಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಸಾಯಂಕಾಲ ಬಂದು ನೋಡಿದರೆ ಬಟ್ಟಲು ತೊಳೆದಿಟ್ಟಷ್ಟು ಚೊಕ್ಕಟ! “ನಮ್ಮವರು ನೆಕ್ಕಿ ನೆಕ್ಕಿ ತಿಂತಾರೆ ಕಣೇ” ಎಂದು ಗಾರ್ಮೆಂಟ್ಸ್‌ನ ಲೈನಿನಲ್ಲೆಲ್ಲ ಹೇಳಿಕೊಂಡು ಬಂದೆ. ಗುಂಡನೂ ದಿನೇ ದಿನೇ ಗುಂಡಗಾಗುತ್ತಿದ್ದ. ಆದರೆ ತಿಂಗಳ ಕೊನೆಗೆ ಆಸ್ಪತ್ರೆಯಲ್ಲಿ ತೂಕ ಹಾಕಿದರೆ ಇವರು ಮೂರು ಕೆಜಿ ಇಳಿದಿದ್ದರು. “ಇನ್ನೊಂದು ವಾರ ನೋಡ್ತೀನಿ” ಎಂದರು ಡಾಕ್ಟರು. ಯಂತ್ರವೇ ಸರಿಯಿಲ್ಲ ಎಂದು ಅವರ ಜೊತೆ ಜಗಳವಾಡಿ ಬಂದೆ.

ಮಾರನೆಯ ದಿನ ಕೆಲಸಕ್ಕೆ ಹೊರಟವಳು ಐಡಿ ಕಾರ್ಡು ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಬಾಗಿಲಲ್ಲೇ ನಿಂತುಬಿಟ್ಟೆ. ಇವರು ಒಂದು ಚಮಚ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತಿಗೆ ನುಂಗಿದರು. ಆಮೇಲೆ ಬಟ್ಟಲನ್ನು ತೊಡೆಯ ಮೇಲೆ ಓರೆ ಮಾಡಿ ಹಿಡಿದರು. ಗುಂಡ ಮುಂಗಾಲು ಊರಿ ನಿಂತು ನೆಕ್ಕತೊಡಗಿದ.

“ಅಯ್ಯೋ, ಏನ್ರೀ ಇದು! ಸಾಯ್ಬೇಕು ಅಂತಿದೀರಾ?” ಎಂದು ಕಿರುಚಿದೆ. ಇವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ಬಟ್ಟಲು ಕಿತ್ತುಕೊಂಡು, ಅದೇನಾಯಿತೋ, ಬೆರಳಿಂದ ಒಂದಿಷ್ಟು ಬಾಯಿಗಿಟ್ಟುಕೊಂಡೆ. ಥೂ! ನೆನೆದ ರಟ್ಟು ತಿಂದ ಹಾಗಿತ್ತು. ಅದನ್ನು ನಾನು ದಿನಾ ಈ ಮನುಷ್ಯನ ಮುಂದಿಟ್ಟಿದ್ದೆ. ಅಳು ಬಂತು. “ಬಾಯಿಗೆ ಇಡೋಕೆ ಆಗಲ್ಲ ಅಂತ ಯಾಕ್ರೀ ಹೇಳ್ಲಿಲ್ಲ? ಸನ್ನೆ ಆದ್ರೂ ಮಾಡ್ಬಾರ್ದಿತ್ತಾ?” ಎಂದೆ. ಇವರು ಫೋನೆತ್ತಿಕೊಂಡು ಎಡಗೈ ಬೆರಳಲ್ಲಿ ತುಂಬ ಹೊತ್ತು ಒತ್ತಿ ನನ್ನ ಕಡೆ ತಿರುಗಿಸಿದರು. ಒಂದೇ ಮಾತಿತ್ತು: “ಬೈತೀಯ.”

ಅವತ್ತು ರಜೆ ಹಾಕಿದೆ. ಚಿಟಿಕೆ ಉಪ್ಪು, ಮೆಣಸಿನ ಪುಡಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಮೊದಲು ನಾನೇ ರುಚಿ ನೋಡಿದೆ. ನಮ್ಮತ್ತೆ ಎಲ್ಲಿದ್ದರೂ ಕ್ಷಮಿಸಲಿ. ಇವರು ಬಟ್ಟಲು ಪೂರ್ತಿ ಮುಗಿಸಿದರು. ಗುಂಡನಿಗೆ ಬರೀ ಹುಲ್ಲು. ಆದರೆ ತಿಂಗಳಿಡೀ ಸೋತ ದೇಹ, ಒಂದು ವಾರದ ಉಪ್ಪಿಗೆ ಏಳಲಿಲ್ಲ. ತೂಕ ಇನ್ನೂ ಇಳಿದಿತ್ತು, ಕೆಮ್ಮು ಬೇರೆ ಶುರುವಾಗಿತ್ತು. ಪೈಪ್ ಹಾಕಿಯೇಬಿಟ್ಟರು. ಹಾಕುವಾಗ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗೋಡೆ ನೋಡಿದೆ.

ಈಗ ಎಲ್ಲವನ್ನೂ ನುಣ್ಣಗೆ ಸೋಸಿ, ತೆಳ್ಳಗೆ ಮಾಡಿ ಪೈಪಿಗೆ ಹಾಕುತ್ತೇನೆ. ಅದು ನಾಲಿಗೆಯನ್ನು ಮುಟ್ಟದೆ ನೇರ ಹೊಟ್ಟೆಗೆ ಹೋಗುತ್ತದೆ. ಆದರೂ ದಿನಾ ರುಚಿ ನೋಡದೆ ಹಾಕುವುದಿಲ್ಲ. ನಿನ್ನೆ ಕೈ ತಪ್ಪಿ ಉಪ್ಪು ಒಂದಿಷ್ಟು ಮುಂದಾಯಿತು. “ಇವತ್ತು ಉಪ್ಪು ಜಾಸ್ತಿ ಆಗ್ಬಿಡ್ತು ಕಣ್ರೀ” ಎಂದೆ. ಇವರು ಗಾಬರಿಯಿಂದ ಎಡಗೈಯಾಡಿಸಿ, ಇಲ್ಲ ಇಲ್ಲ, ಚೆನ್ನಾಗಿದೆ ಎಂದು ಸನ್ನೆ ಮಾಡಿದರು. ನಾಲಿಗೆಗೆ ತಾಗದ ಊಟವನ್ನೂ ಹೊಗಳಬೇಕು ಅನ್ನಿಸುವಷ್ಟು ಈ ಮನುಷ್ಯನನ್ನು ನಾನು ಹೆದರಿಸಿಟ್ಟಿದ್ದೇನೆ.