ಹೊಂಡದವರೆಗೆ ಕಿಂಗ್ಸ್‌ವುಡ್ಡೇ ಮುಂದು!

"ಇವತ್ತು ನಿಮ್ಮಣ್ಣನ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಲಿಂಡ್ಸೇ ಪಾರ್ಫಿಟ್ಟೇ ಅಲ್ಲ!"

ಶನಿವಾರ ಬೆಳಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಲಿಂಡ್ಸೇ ಘೋಷಿಸಿದ. ಹೆಂಡತಿ ನೊರೀನ್ ಟೀ ಬಗ್ಗಿಸುತ್ತಾ, "ಸರಿ, ಹೊಸ ಹೆಸರು ನೋಡಿಡ್ತೀನಿ," ಎಂದಳು.

ವಿಮ್ಮೆರಾ ಸೀಮೆಯ ಆ ಗೋಧಿ ಊರಿನಲ್ಲಿ ಎರಡೇ ಜಾತಿ: ಹೋಲ್ಡನ್ ಕಾರಿನವರು, ಫೋರ್ಡ್ ಕಾರಿನವರು. ಲಿಂಡ್ಸೇಯದು ಎಪ್ಪತ್ತೆರಡರ ಹೋಲ್ಡನ್ ಕಿಂಗ್ಸ್‌ವುಡ್. ಮೂರು ಹೆಣ್ಣುಮಕ್ಕಳನ್ನೂ ಆಸ್ಪತ್ರೆಯಿಂದ ಮನೆಗೆ ತಂದ ರಥ! ನೊರೀನಳ ಅಣ್ಣ ಡೆಸ್‌ನದು ಅದೇ ವರ್ಷದ ಫೋರ್ಡ್ ಫಾಲ್ಕನ್. ಯಾವುದು ಮೇಲು ಎಂಬ ಜಗಳಕ್ಕೆ ನಲವತ್ತು ಕ್ರಿಸ್ಮಸ್ ಊಟಗಳು ತಣ್ಣಗಾಗಿದ್ದವು.

ಅಷ್ಟರಲ್ಲಿ ಡೆಸ್ ಬಂದ. "ಭಾವ, ಒಂದು ಮಾತು ಕೇಳ್ಬೇಕಿತ್ತು..."

"ಮಾತು ಸಾಕು! ನನ್ನದು ಎಂಟು ಸಿಲಿಂಡರು, ನಿನ್ನದು ಬರೀ ಆರು!"

"ಎಂಜಿನ್ನು ಎರಡೂ ಹೆಚ್ಚುಕಡಿಮೆ ಅಷ್ಟೇ ಲೀಟರು. ನಿನ್ನ ಎಂಟು ಜನ ಸೇರಿ ಮಾಡೋದನ್ನ ನನ್ನ ಆರು ಜನ ಮಾಡ್ತಾರೆ ಅಂದ್ಹಾಗಾಯ್ತು!"

ನೊರೀನ್ ನಕ್ಕಳು. ಲಿಂಡ್ಸೇಗೆ ಉರಿದುಹೋಯಿತು. ತನ್ನದೇ ಹೊಲದ ನೇರ ದಾರಿಯಲ್ಲಿ ಒಂದು ಕಿಲೋಮೀಟರ್ ಪಂದ್ಯವೆಂದು ತೀರ್ಮಾನವಾಯಿತು. ಕಾರು ಹಗುರಾಗಲೆಂದು ಅವನು ಹಿಂದಿನ ಸೀಟು, ಸ್ಟೆಪ್ನಿ, ಜಾಕು ಎಲ್ಲವನ್ನೂ ಕಿತ್ತು ಶೆಡ್ಡಿಗೆ ಎಸೆದ. ಆಮೇಲೆ ಬಲು ಪ್ರೀತಿಯಿಂದ, "ನೀನು ಅಣ್ಣನ ಜೊತೆ ಕೂತ್ಕೋ ಚಿನ್ನ," ಎಂದ.

"ನನ್ನ ತೂಕ ಫೋರ್ಡಿನ ಲೆಕ್ಕಕ್ಕೋ?" ಎನ್ನುತ್ತಲೇ ಅವಳು ಹತ್ತಿದಳು.

ಹೊರಟರು! ಅರ್ಧ ದಾರಿ ಸಮಸಮ. ಇದ್ದಕ್ಕಿದ್ದಂತೆ ಫಾಲ್ಕನ್ ಹಿಂದೆ ಬಿತ್ತು. ಡೆಸ್‌ನ ಸೋತ ಮುಖದ ದರ್ಶನಕ್ಕಾಗಿ ಲಿಂಡ್ಸೇ ಕನ್ನಡಿಯಲ್ಲಿ ಕಣ್ಣು ನೆಟ್ಟ. ದಾರಿ ಮುಗಿಯಿತು, ಅವನ ನೋಟ ಮುಗಿಯಲಿಲ್ಲ. ಬೇಲಿ ಮುರಿಯಿತು. ಕುರಿಗಳಿಗೆ ನೀರಿಗೆಂದು ತೋಡಿಸಿದ ಹೊಂಡಕ್ಕೆ ಕಿಂಗ್ಸ್‌ವುಡ್ ಧುಮುಕಿತು!

"ಗೆದ್ದೆ!" ಸೊಂಟದ ತನಕ ನೀರಿನಲ್ಲಿ ನಿಂತು ಕೂಗಿದ. ಆಮೇಲೆ ತಿರುಗಿ ನೋಡಿದ. ಕಾರಿನ ಮೂತಿ ಗುಳುಗುಳು ಎನ್ನುತ್ತಾ ಕೆಸರಿಗಿಳಿಯುತ್ತಿತ್ತು. ಕೈಯಾರೆ ಎಂಥ ಕೆಲಸ ಮಾಡಿಕೊಂಡೆ!

ಡೆಸ್ ಕೈ ಚಾಚಿ ದಡಕ್ಕೆಳೆದುಕೊಂಡ. "ಏಟಾಯ್ತಾ ಭಾವ?"

"ಇಲ್ಲ. ನೀನ್ಯಾಕೆ ನಿಧಾನ ಮಾಡ್ದೆ?"

"ಹೊಂಡ ಬಂತು, ನಿಲ್ಸು ಅಂತ ಇವಳು ಕಿರುಚಿದ್ಳು. ನನಗೆಲ್ಲಿ ಕಾಣತ್ತೆ? ಕಣ್ಣು ಪೂರಾ ಮಂಜು. ಇನ್ನು ಗಾಡಿ ಮುಟ್ಬೇಡ ಅಂದಿದ್ದಾರೆ ಡಾಕ್ಟ್ರು. ಸೋಮವಾರ ಲೈಸೆನ್ಸ್ ವಾಪಸ್ ಕೊಡ್ತೀನಿ." ಡೆಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಫಾಲ್ಕನ್ ನೀನೇ ಇಟ್ಕೋತೀಯಾ ಅಂತ ಕೇಳೋಕೇ ಬೆಳಗ್ಗೆ ಬಂದಿದ್ದು. ನೀನು ಬಾಯಿ ತೆರೆಯೋಕೆ ಬಿಟ್ರೆ ತಾನೆ?"

ಲಿಂಡ್ಸೇ ಡೆಸ್‌ನ ಕಣ್ಣುಗಳನ್ನೇ ನೋಡಿದ. ನಲವತ್ತು ವರ್ಷದಲ್ಲಿ ಒಂದು ಸಲವಾದರೂ ಈ ಮನುಷ್ಯನ ಮಾತನ್ನು ಪೂರ್ತಿ ಕೇಳಿದ್ದೆನೇ? ನೊರೀನ್ ಫಾಲ್ಕನ್ನಿನ ಹಿಂದಿನ ಸೀಟಿಗೆ ಸರಿದಳು. ಡೆಸ್ ಬೀಗದಕೈ ಕೊಟ್ಟು ಪಕ್ಕದಲ್ಲಿ ಕುಳಿತ.

ಫಾಲ್ಕನ್ ಬೆಣ್ಣೆಯ ಹಾಗೆ ಹೊರಟಿತು. ಅದು ಬೇರೆ ಸಂಕಟ!

"ಹೇಗಿದೆ ಭಾವ?"

"ಚೆ... ಚೆನ್ನಾಗಿದೆ," ಎಂದ ಲಿಂಡ್ಸೇ, ಹಲ್ಲು ಕೀಳಿಸಿಕೊಂಡವನಂತೆ. ಅವನ ಪ್ಯಾಂಟಿನಿಂದ ಕೆಸರುನೀರು ಇಳಿಯುತ್ತಲೇ ಇತ್ತು. "ನಿನ್ನ ಸೀಟೆಲ್ಲ ಹಾಳು ಮಾಡ್ಬಿಟ್ಟೆ. ತಪ್ಪಾಯ್ತು, ಭಾವ."

"ನಂಗ್ಯಾಕೆ ಹೇಳ್ತೀಯ?" ಎಂದ ಡೆಸ್. "ಈಗದು ನಿನ್ನ ಸೀಟು!"