ಮೇಲ್ಮನೆಯ ಭಾಷಣ, ಕಮಲಾಪುರದ ಕೀಲಿ

ಕಮಲಾಪುರದ ಬಾಲಕಿಯರ ವಸತಿನಿಲಯದ ಕೀಲಿ ತೆಗೆಸಿದ್ದು ನಮ್ಮ ಸಾಹೇಬರ ಮೇಲ್ಮನೆಯ ಭಾಷಣ ಎಂದು ಆಗ ಕಲಬುರಗಿಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಭಾಷಣ ಬರೆದವನು ನಾನೇ ಆದ್ದರಿಂದ ನಂಬುವುದು ಇನ್ನಷ್ಟು ಸುಲಭವಾಗಿತ್ತು.

ಸಾಹೇಬರು ಪದವೀಧರರ ಮತದಿಂದ ಗೆದ್ದು ವಿಧಾನ ಪರಿಷತ್ತಿಗೆ ಹೋದವರು. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿ ಮೇಲ್ಮನೆಯ ಮಹತ್ವವನ್ನು ಪಾಠ ಮಾಡಿ, ಆಮೇಲೆ ಅವರ ಆಪ್ತ ಸಹಾಯಕನಾದೆ. ಪಠ್ಯದಲ್ಲಿ ಇಲ್ಲದ ಸಂಗತಿಗಳು ಅಲ್ಲಿ ವಾರಕ್ಕೊಂದರಂತೆ ನಡೆಯುತ್ತಿದ್ದವು. ಇಲ್ಲಿ ಹೇಳುವವು ಒಂದೇ ವರ್ಷದವು, ಒಂದೇ ಕಟ್ಟಡಕ್ಕೆ ಸಂಬಂಧಪಟ್ಟವು.

ಕಟ್ಟಡದ ಕಥೆ ಇಷ್ಟೇ. ಕಮಲಾಪುರದಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿ ನಲವತ್ತೆರಡು ಕಾಲೇಜು ಹುಡುಗಿಯರಿದ್ದರು, ಎರಡು ಬಚ್ಚಲುಗಳಿದ್ದವು. ಅವರಿಗಾಗಿಯೇ ಕಟ್ಟಿದ ಎರಡಂತಸ್ತಿನ ಹೊಸ ವಸತಿನಿಲಯ ಅರ್ಧ ಕಿಲೋಮೀಟರ್ ಆಚೆ ಬಣ್ಣ ಬಳಿದುಕೊಂಡು, ನೀರು ಕರೆಂಟು ಸಹಿತ, ಕೀಲಿ ಹಾಕಿಸಿಕೊಂಡು ನಿಂತಿತ್ತು. ಮಂತ್ರಿಗಳು ಉದ್ಘಾಟನೆಗೆ ದಿನಾಂಕ ಕೊಟ್ಟಿರಲಿಲ್ಲ. ಹಾಗಾಗಿ ವಸತಿನಿಲಯದ ವಾರ್ಡನ್ ಬಾಯಿ ಪ್ರತಿ ಶನಿವಾರ ಬಸ್ ಹತ್ತಿ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಆಫೀಸಿಗೆ ಬರುತ್ತಿದ್ದರು. ನೀವೇ ಕೀಲಿ ತೆಗೆದು ಒಳಗೆ ಹೋಗಬಹುದಲ್ಲ ಎಂದು ಒಮ್ಮೆ ಕೇಳಿದೆ.

“ಆದೇಶ ಇಲ್ಲದ ಒಳಗ ಕಾಲಿಟ್ರ ಸಸ್ಪೆಂಡ್ ಮಾಡ್ತಾರ್ರಿ ಸರ. ರಿಟೈರ್ ಆಗ್ಲಿಕ್ಕಿ ಇನ್ನ ಎರಡು ವರ್ಷ ಅದ ನಂದು” ಎಂದರು.

ಅ, ಆ, ಇ

ಮೊದಲು ಲಿಖಿತ ಪ್ರಶ್ನೆ ಕಳಿಸಿದೆವು. ಸದನದ ಪ್ರಶ್ನೆಗೆ ಅ, ಆ, ಇ ಎಂದು ಭಾಗಗಳಿರುತ್ತವೆ. ಅ: ಕಮಲಾಪುರದಲ್ಲಿ ಬಾಲಕಿಯರ ವಸತಿನಿಲಯ ನಿರ್ಮಾಣ ಪೂರ್ಣಗೊಂಡಿದೆಯೇ? ಆ: ಹಾಗಿದ್ದಲ್ಲಿ, ಬಳಕೆಗೆ ಬಂದಿದೆಯೇ? ಇ: ಇಲ್ಲದಿದ್ದಲ್ಲಿ, ಕಾರಣವೇನು?

ಉತ್ತರ ಬಂತು. ಅ: ಹೌದು. ಆ: ಇಲ್ಲ. ಇ: ಉದ್ಭವಿಸುವುದಿಲ್ಲ.

ಸಾಹೇಬರು ಎರಡು ಸಲ ಓದಿ ಕನ್ನಡಕ ತೆಗೆದರು. ಮೂರಕ್ಕೆ ಮೂರೂ ಉತ್ತರ ಬಂದಿವೆ, ಹೋದ ಸಲ ಎರಡಕ್ಕೇ ಬಂದಿತ್ತು, ಇಲಾಖೆ ಸುಧಾರಿಸುತ್ತಿದೆ ಎಂದು ಸಮಾಧಾನಪಟ್ಟರು. ಶನಿವಾರ ವಾರ್ಡನ್ ಬಾಯಿಗೆ ಆ ಹಾಳೆ ತೋರಿಸಿದೆ. ಅವರು ‘ಉದ್ಭವಿಸುವುದಿಲ್ಲ’ ಅಂದರೆ ಏನು ಎಂದು ಕೇಳಿದರು. ಅಂಥ ಸಮಸ್ಯೆಯೇ ಇಲ್ಲ ಎಂದು ಸರ್ಕಾರದ ಅಭಿಪ್ರಾಯ ಎಂದೆ.

ಬಾಯಿ ಹಾಳೆ ಮಡಚಿ ವಾಪಸ್ ಕೊಟ್ಟರು. “ಹಂಗಾರ ಅವರಿಗೆ ಒಂದಿನ ನಸುಕಿನ್ಯಾಗ ನಾಕಕ್ಕ ನಮ್ಮ ಬಚ್ಚಲದ ಮುಂದ ಬಂದು ನಿಂದ್ರಲಿಕ್ಕಿ ಹೇಳ್ರಿ. ನಲವತ್ತೆರಡು ಮಂದಿ ಬಕೀಟ ಹಿಡ್ಕೊಂಡು ಸಾಲಾಗಿ ಉದ್ಭವಿಸ್ತಾರ.”

ಏಳು ನಿಮಿಷ

ಮಾರ್ಚಿನ ಅಧಿವೇಶನದಲ್ಲಿ ಸಾಹೇಬರೇ ಎದ್ದು ಮಾತಾಡುವುದೆಂದು ತೀರ್ಮಾನವಾಯಿತು. ಏಳು ನಿಮಿಷದ ಭಾಷಣ ಬರೆದುಕೊಟ್ಟೆ. ಮನೆಯಲ್ಲಿ ತಾಲೀಮು ನಡೆಯಿತು. ನಾನು ಸಭಾಪತಿ, ಸಾಹೇಬರ ಹೆಂಡತಿ ಮಂತ್ರಿ. ಅಮ್ಮಾವರು ಕಲಬುರಗಿಯ ಬ್ರಹ್ಮಪುರ ಓಣಿಯವರು, ಅವಲಕ್ಕಿ ಕಲಸುತ್ತಲೇ ಮಂತ್ರಿಯಾದರು. ಸಾಹೇಬರು ಮೊದಲ ಪ್ಯಾರಾ ಮುಗಿಸುವಷ್ಟರಲ್ಲಿ ಅವರು, “ಆತ್ರಿ, ನಾಳೆ ತೆಗೀತೀವಿ. ಕೂಡ್ರಿ” ಎಂದರು.

ಸಾಹೇಬರು ಪಾಪ, ಕೂತರು. ಆಮೇಲೆ ನನ್ನ ಕಡೆ ತಿರುಗಿ, ಮಂತ್ರಿಗಳು ಒಪ್ಪಿಬಿಟ್ಟರೆ ಉಳಿದ ಆರು ನಿಮಿಷದ ಗತಿಯೇನು ಎಂದು ಕೇಳಿದರು. ಹಾಗಾಗುವ ಸಂಭವ ಇಲ್ಲ ಎಂದು ಧೈರ್ಯ ಹೇಳಿದೆ.

ಆಗಲೂ ಇಲ್ಲ. ಸಾಹೇಬರ ಸರದಿ ಬಂದಾಗಲೇ ಸದನದಲ್ಲಿ ಬೇರೆ ಯಾವುದೋ ವಿಷಯಕ್ಕೆ ಜಗಳ ಹತ್ತಿತು. ಒಂದು ಪಕ್ಷದವರು ಬಾವಿಗಿಳಿದರು. ಸಭಾಪತಿ ಪೀಠದ ಮುಂದಿನ ಜಾಗಕ್ಕೆ ಅಲ್ಲಿ ಬಾವಿ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಕುರ್ಚಿಯಿಂದಲೇ ಕೂಗಿದರು. ನಮ್ಮವರು ಮಾತ್ರ ಕಾಗದದಿಂದ ಕಣ್ಣೆತ್ತದೆ, ಒಂದಕ್ಷರ ಬಿಡದೆ, ಏಳೂ ನಿಮಿಷ ಓದಿ ಮುಗಿಸಿದರು. ಪಕ್ಕದಲ್ಲಿ ಕೂತವರಿಗೂ ಕೇಳಿಸಿರಲಿಕ್ಕಿಲ್ಲ. ಸಾಹೇಬರು ಹೊರಬಂದು, ಚೆನ್ನಾಗಿ ಹೇಳಿದೆನೇ ಎಂದರು. ಬಹಳ ಚೆನ್ನಾಗಿ ಎಂದೆ.

ನಡಾವಳಿಯ ಪ್ರತಿ ಕೈಗೆ ಬಂದಾಗ ಹುಡುಕಿ ನೋಡಿದೆ. ಸಾಹೇಬರ ಹೆಸರಿತ್ತು. ಮುಂದೆ ಕಂಸದಲ್ಲಿ ಒಂದೇ ಪದ: ಗದ್ದಲ.

ಕೆಂಪು ಬಾಳೆ

ಅದೇ ಅಧಿವೇಶನದ ಕೊನೆಯ ವಾರ ಶೂನ್ಯ ವೇಳೆಯಲ್ಲಿ ಮೂರು ನಿಮಿಷ ಸಿಕ್ಕಿತು. ಈ ಸಲ ಮಂತ್ರಿಗಳ ಮನಸ್ಸು ಮೊದಲೇ ಕರಗಿಸಬೇಕೆಂದು ಸಾಹೇಬರು ಕಮಲಾಪುರದ ಕೆಂಪು ಬಾಳೆಯ ಗೊನೆಯಿಂದ ಎರಡು ಚಿಪ್ಪು ತರಿಸಿ ಒಳಗೆ ಒಯ್ದರು. ಮಂತ್ರಿಗಳಿಗೆ ತಲುಪುವ ಮೊದಲು ದಾರಿಯಲ್ಲಿ ಮೂರು ಸಾಲು ಸದಸ್ಯರಿದ್ದರು. ಮಂತ್ರಿಗಳಿಗೆ ಒಂದು ಹಣ್ಣು ಉಳಿಯಿತು.

“ಕಮಲಾಪುರದಾಗ ಒಂದು ಕಟ್ಟಡ ಅದ” ಎಂದು ಸಾಹೇಬರು ಶುರು ಮಾಡುತ್ತಿದ್ದಂತೆ ಹಿಂದಿನ ಸಾಲಿನವರೊಬ್ಬರು ಎದ್ದು, ಈ ಹಣ್ಣು ಕಮಲಾಪುರದ್ದೇ, ಸಸಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇನ್ನೊಬ್ಬರು ತಮ್ಮ ಜಿಲ್ಲೆಯ ಬಾಳೆಗೆ ಅನ್ಯಾಯವಾಗಿದೆ ಎಂದರು. ಮೂರನೆಯವರು ಪುಟ್ಟಬಾಳೆಯ ಪರವಾಗಿ ನಿಂತರು. ಒಬ್ಬ ಹಿರಿಯರು ನೇಂದ್ರಬಾಳೆಯನ್ನು ಬಾಳೆ ಎಂದು ಪರಿಗಣಿಸುವುದೇ ತಪ್ಪು ಎಂದರು, ಅದಕ್ಕೆ ಕರಾವಳಿಯ ಇಬ್ಬರು ಕ್ಷಮೆ ಕೇಳಬೇಕೆಂದು ಪಟ್ಟು ಹಿಡಿದರು. ಪಕ್ಷಭೇದ ಮರೆತು ಸದನ ಮುಕ್ಕಾಲು ಗಂಟೆ ಬಾಳೆಹಣ್ಣಿನ ಬಗ್ಗೆ ಚರ್ಚಿಸಿತು. ಅಷ್ಟು ತಿಳಿವಳಿಕೆಯ ಚರ್ಚೆಯನ್ನು ನಾನು ಮೇಲ್ಮನೆಯಲ್ಲಿ ಮೊದಲಾಗಲಿ ಆಮೇಲಾಗಲಿ ಕೇಳಿಲ್ಲ. ಕೊನೆಗೆ, ಕೆಂಪು ಬಾಳೆಯ ಅಧ್ಯಯನಕ್ಕೆ ಅಧಿಕಾರಿಗಳ ತಂಡ ಕಳಿಸುವುದಾಗಿ ಭರವಸೆ ಸಿಕ್ಕಿತು.

ತಂಡ ಮೇ ತಿಂಗಳಲ್ಲಿ ಬಂತು. ಕಮಲಾಪುರದ ಮೇ ಬಿಸಿಲು ತಡೆಯಲಾರದೆ ಊಟಕ್ಕೆ ನೆರಳು ಹುಡುಕಿತು. ಸಿಕ್ಕಿದ್ದು ಹೊಸ ವಸತಿನಿಲಯದ ಪಡಸಾಲೆ. ಕೀಲಿ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಊಟ ಮಾಡಿ, ತಂಡದ ಮುಖ್ಯಸ್ಥರು ಗೋಡೆ ತಟ್ಟಿ ನೋಡಿ, ನೀರು ಕೊಡಲು ನಿಂತಿದ್ದ ವಾರ್ಡನ್ ಬಾಯಿಗೆ ಹೇಳಿದರಂತೆ: “ಗಟ್ಟಿ ಕಟ್ಟಡ ಅದರಿ ಬಾಯಾರ. ಒಂದಿಷ್ಟು ಹುಡುಗ್ಯಾರನ್ನ ಇಡಬಹುದಿತ್ತು ನೋಡ್ರಿ ಇದರಾಗ.”

ಕಣ್ಣು ಮುಚ್ಚಿ

ಜುಲೈ ಅಧಿವೇಶನದಲ್ಲಿ ಸಾಹೇಬರು ಮಾತಾಡಲಿಲ್ಲ. ಮಾತಾಡಿದ್ದು ಅವರ ಮುಂದಿನ ಸಾಲಿನವರು. ಆದರೆ ಕ್ಯಾಮೆರಾ ಆ ಸದಸ್ಯರನ್ನು ತೋರಿಸುವಾಗ ಅವರ ಹೆಗಲ ಮೇಲೆ ನಮ್ಮ ಸಾಹೇಬರ ಮುಖವೂ ಕಂಡಿತು, ಕಣ್ಣು ಮುಚ್ಚಿತ್ತು. ನೀರಾವರಿಯ ಮೇಲಿನ ಚರ್ಚೆ ಹನ್ನೆರಡು ನಿಮಿಷ ನಡೆಯಿತು, ಮುಖ ಅಲುಗಲಿಲ್ಲ.

ಎರಡೇ ದಿನದಲ್ಲಿ ಆ ವಿಡಿಯೋ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಎಲ್ಲ ಫೋನುಗಳಲ್ಲಿತ್ತು. ಚುನಾವಣೆಗೆ ಒಂದು ವರ್ಷವೂ ಇರಲಿಲ್ಲ. ಸಾಹೇಬರು ಪರಿಚಯದ ಬಟ್ಟೆ ಅಂಗಡಿಗೆ ಹೋಗಿ ಕೂತು, ಗಹನವಾದ ವಿಷಯ ಕೇಳುವಾಗ ತಾವು ಕಣ್ಣು ಮುಚ್ಚುವುದು ರೂಢಿ ಎಂದು ವಿವರಿಸಿದರು. ಅಂಗಡಿಯವನು ಗೌರವದಿಂದ ಕೇಳಿದ. ಅವನೂ ಪದವೀಧರ, ಅವನಿಗೂ ಮತವಿತ್ತು.

“ಖರೇ ಅದರಿ ಸಾಬ್” ಎಂದ. “ಮತ ಹಾಕೋ ಮುಂದ ನಾವೂ ಹಂಗೇ ಮುಚ್ಚಿದ್ವಿ.”

ಪಾರಿವಾಳ

ಇದಾದ ಮೇಲೆ ಸಾಹೇಬರಿಗೆ ಒಂದು ಘರ್ಜನೆ ಬೇಕೇಬೇಕಾಯಿತು. ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಮತ್ತೆ ವಸತಿನಿಲಯದ ವಿಷಯ ತೆಗೆದೆವು. ವಾರ್ಡನ್ ಬಾಯಿ ಕೆಲವು ತಿಂಗಳಿಂದ ಶನಿವಾರ ಬರುತ್ತಿರಲಿಲ್ಲ. ಆಸೆ ಬಿಟ್ಟಿರಬೇಕು ಎಂದುಕೊಂಡೆ. ಹೊಸ ವಿವರ ಕೇಳಲು ಯಾರೂ ಇಲ್ಲದ್ದರಿಂದ ನಾನೇ ಊಹಿಸಿ ಬರೆದೆ. ಸಾಹೇಬರು ಅದನ್ನು ಮೇಜು ಕುಟ್ಟಿ ಓದಿದರು.

“ಸನ್ಮಾನ್ಯ ಸಭಾಪತಿಗಳೇ, ಆ ಕೀಲಿ ತುಕ್ಕು ಹಿಡಿದದ. ಆ ಕೋಣ್ಯಾಗ ಇವತ್ತು ಪಾರಿವಾಳ ಸಂಸಾರ ಮಾಡ್ಲಾಕತ್ಯಾವ. ನಮ್ಮ ಹೆಣ್ಮಕ್ಕಳು ಹೊರಗ ಅದಾರ. ಈ ಸರ್ಕಾರ ಯಾರಿಗೆ ಹಾಸ್ಟೆಲ್ ಕಟ್ಟಿತು, ಹಕ್ಕಿಗೋ, ಹೆಣ್ಮಕ್ಕಳಿಗೋ?”

ಸದನ ಮೇಜು ತಟ್ಟಿತು. ಊಟದ ಹೊತ್ತಾಗಿತ್ತು, ಸಭಾಪತಿಗಳು ಆಗಷ್ಟೇ ಗಡಿಯಾರ ನೋಡಿದ್ದರು. ಯಾವುದಕ್ಕೆ ತಟ್ಟಿದರೆಂದು ಹೇಳಲಾರೆ. ಮಂತ್ರಿಗಳು ಎದ್ದು, ಹದಿನೈದು ದಿನದೊಳಗೆ ತಾವೇ ಬಂದು ಉದ್ಘಾಟಿಸುವುದಾಗಿ ಹೇಳಿದರು. ನಲವತ್ತು ಸೆಕೆಂಡಿನ ಆ ತುಣುಕು ನಿದ್ದೆಯ ವಿಡಿಯೋವನ್ನು ಕಲಬುರಗಿಯಿಂದ ಓಡಿಸಿತು.

ನಾನು ವಾರ್ಡನ್ ಬಾಯಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು, “ಮಂತ್ರಿಗಳು ಹೊರಗೇ ರಿಬ್ಬನ್ ಕತ್ತರಿಸಿ ಹೋಗ್ತಾರೋ, ಒಳಗೂ ಬರ್ತಾರೋ ಸರ?” ಎಂದರು.

ಒಳಗೂ ಬರುತ್ತಾರೆ ಎಂದೆ.

“ಬರೋದು ಬ್ಯಾಡ ಅಂತ ಹೇಳ್ಲಿಕ್ಕಿ ಬರ್ತದೇನ್ರಿ?”

ಉದ್ಘಾಟನೆ

ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮಂತ್ರಿಗಳು ಒಂದಕ್ಕೆ ಬಂದರು. ಹುಡುಗಿಯರು ಬೆಳಿಗ್ಗೆ ಒಂಬತ್ತರಿಂದ ಟ್ರಂಕು ಹಿಡಿದು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಬ್ಯಾನರಿನಲ್ಲಿ ಸಾಹೇಬರ ಫೋಟೋ ಮಂತ್ರಿಗಳದಕ್ಕಿಂತ ಒಂದು ಗೇಣು ಮಾತ್ರ ಸಣ್ಣದಿತ್ತು. ವಾರ್ಡನ್ ಬಾಯಿ ಹೊಸ ಇಳಕಲ್ ಸೀರೆ ಉಟ್ಟು, ಬೆವರುತ್ತ, ಬಾಗಿಲಿನ ಕಡೆ ನೋಡದೆ ನಿಂತಿದ್ದರು.

ರಿಬ್ಬನ್ ಕತ್ತರಿಸಿದ್ದಾಯಿತು. ಕೀಲಿ ಮಾತ್ರ ತೆರೆಯಲಿಲ್ಲ. ಅದು ನಿಜವಾಗಿಯೂ ತುಕ್ಕು ಹಿಡಿದಿತ್ತು. ಭಾಷಣದಲ್ಲಿ ಅಷ್ಟೊಂದು ಸತ್ಯ ಇದ್ದದ್ದು ನನಗೇ ಆಶ್ಚರ್ಯ. ಇಂಜಿನಿಯರ್ ಎಣ್ಣೆ ಬಿಟ್ಟರು, ಚಾವಿ ತಿರುವಿದರು, ಸುತ್ತಿಗೆ ತರಲು ಜನ ಓಡಿದರು. ಎಲ್ಲರೂ ಬಿಸಿಲಲ್ಲಿ ಮಾತಿಲ್ಲದೆ ಕಾಯುತ್ತಿದ್ದಾಗ ಒಳಗಿನಿಂದ ಸಪ್ಪಳ ಕೇಳಿಸಿತು. ತಪ್, ತಪ್, ತಪ್.

ಮಂತ್ರಿಗಳು ಬೆಂಗಳೂರು ಕಡೆಯವರು. “ಒಳಗೆ ಏನದು ಶಬ್ದ?” ಎಂದರು.

ನಮ್ಮ ಭಾಗದವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಜೋಳದ ರೊಟ್ಟಿ ಬಡಿಯುವ ಸಪ್ಪಳ. ಅಂಗಳದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ಎದೆಗುಂದಲಿಲ್ಲ. “ಪಾರಿವಾಳ ಸರ. ನಾ ಸದನದಾಗ ಹೇಳಿದ್ದೆನಲ್ರಿ” ಎಂದರು.

ಮಂತ್ರಿಗಳು ಮೂಗೆತ್ತಿ ಗಾಳಿ ಎಳೆದರು. “ಪಾರಿವಾಳಗಳು ಬೆಳ್ಳುಳ್ಳಿ ಒಗ್ಗರಣೆನೂ ಹಾಕ್ತವೇನ್ರೀ?”

ಅಷ್ಟರಲ್ಲಿ ಸುತ್ತಿಗೆ ಬಂತು, ಕೀಲಿ ಬಿತ್ತು, ಬಾಗಿಲು ತೆರೆಯಿತು. ಒಳಗೆ ಅಡುಗೆಯಾಕೆ ಕೈತುಂಬ ಹಿಟ್ಟು ಮಾಡಿಕೊಂಡು ಎದ್ದು ನಿಂತಳು. ಕಾರ್ಯಕ್ರಮ ಹನ್ನೊಂದಕ್ಕೆ ಮುಗಿಯುತ್ತದೆಂದು ಆಕೆಗೆ ಹೇಳಿದ್ದರು. ನಲವತ್ತೆರಡು ಮಂದಿಗೆ ರೊಟ್ಟಿ ಒಂದು ಗಂಟೆಯ ಮೇಲೆ ಶುರು ಮಾಡಿದರೆ ಸಂಜೆಯಾಗುತ್ತದೆ. ಗೋಡೆಗೆ ಟೈಂಟೇಬಲ್ ಅಂಟಿಸಿತ್ತು. ಮೆಟ್ಟಿಲ ಕೆಳಗೆ ಚಪ್ಪಲಿಗಳಿದ್ದವು. ವಾರ್ಡನ್ ಬಾಯಿ ಕಣ್ಣು ಮುಚ್ಚಿಕೊಂಡರು. ಅವರ ನೌಕರಿ ಆ ಕ್ಷಣ ಮಂತ್ರಿಗಳ ಬಾಯಲ್ಲಿತ್ತು.

ಮಂತ್ರಿಗಳು ಮುಂದೆ ನಿಂತಿದ್ದ ಸಣ್ಣ ಹುಡುಗಿಯನ್ನು, ಹೊಸ ಹಾಸ್ಟೆಲ್ ಹೇಗಿದೆಯಮ್ಮ ಎಂದು ಕೇಳಿದರು.

“ಚೊಲೊ ಅದರಿ” ಎಂದಳು ಹುಡುಗಿ. “ಮ್ಯಾಲಿನ ಬಚ್ಚಲದ ನಳಾ ಒಂದು ಸೋರ್ಲಾಕತ್ತದ. ಎಷ್ಟ ಸಲ ಹೇಳಿದ್ರೂ ಯಾರೂ ರಿಪೇರಿ ಮಾಡವಲ್ರು.”

ಆಗ ಸಾಹೇಬರು ತಮ್ಮ ಆರು ವರ್ಷದ ಅವಧಿಯ ಅತ್ಯುತ್ತಮ ಭಾಷಣ ಮಾಡಿದರು. ನಾನು ಬರೆದುಕೊಟ್ಟದ್ದಲ್ಲ. “ನೋಡ್ರಿ ಸರ, ನೀವು ಸದನದಾಗ ಬರೇ ಮಾತು ಕೊಟ್ರಿ, ನಿಮ್ಮ ಅಧಿಕಾರಿಗಳು ನಳಾ ಸೋರೋತನಕ ಕೆಲಸ ಮುಗಿಸ್ಯಾರ. ಇದಕ್ಕ ಅನ್ನೂದು ಸರ್ಕಾರ.”

ಮಂತ್ರಿಗಳು ಒಂದು ಕ್ಷಣ ಯೋಚಿಸಿದರು. ಕ್ಯಾಮೆರಾಗಳು ನಡೆಯುತ್ತಿದ್ದವು. ಅವರು ಇಂಜಿನಿಯರರ ಕೈಕುಲುಕಿದರು, ವಾರ್ಡನ್ ಬಾಯಿಗೆ ಶಾಲು ಹೊದಿಸಿದರು, ಎರಡು ರೊಟ್ಟಿ ತಿಂದು ಹೋದರು. ಮರುದಿನದ ಪತ್ರಿಕೆಗಳಲ್ಲಿ ಸಾಹೇಬರ ಘರ್ಜನೆಗೆ ಸರ್ಕಾರ ಮಣಿದ ಸುದ್ದಿ ಬಂತು.

ಎಲ್ಲರೂ ಹೋದ ಮೇಲೆ ವಾರ್ಡನ್ ಬಾಯಿಯನ್ನು, ಒಳಗೆ ಯಾವಾಗ ಬಂದಿರಿ ಎಂದು ಕೇಳಿದೆ. ಅವರು ಶಾಲು ಮಡಚುತ್ತ ಹೇಳಿದರು. ಮಳೆಗೆ ಹಳೆಯ ಮನೆಯ ಮಾಳಿಗೆ ಒಂದು ಕಡೆ ಕುಸಿಯಿತು. ಹುಡುಗಿಯರು ಅಂಗಳದಲ್ಲಿ ನೆನೆಯುತ್ತ ನಿಂತರು. ಸಾಹೇಬರು ಫೋನ್ ಎತ್ತಲಿಲ್ಲ, ಸದನ ನಡೆದಿತ್ತಂತೆ. ಹೊಸ ಕಟ್ಟಡದ ಹಿಂಬಾಗಿಲಿಗೆ ಯಾರೂ ಕೀಲಿಯನ್ನೇ ಹಾಕಿರಲಿಲ್ಲ, ಬರೀ ಚಿಲಕ.

ಅದು ಜುಲೈ ತಿಂಗಳು.