ಅರ್ಧ ಬೆರಳು

ಗಡಿಯಾರ ರಿಪೇರಿಯವನಿಗೆ ತಪ್ಪಿದ್ದು ಅರ್ಧ ಬೆರಳಿನ ಲೆಕ್ಕ, ಅಷ್ಟೆ. ಹಾಯಿ ಹಿಡಿದು ನಿಂತು ನೀರಿನ ಮೇಲೆ ಓಡಿಸುವ ಅವನ ಹಾಯಿಹಲಗೆಯ ಅಡಿಯಲ್ಲಿ ಸೊಂಟದುದ್ದದ ಕಂಬ, ಕಂಬದ ತುದಿಗೆ ವಿಮಾನಕ್ಕಿರುವಂಥ ರೆಕ್ಕೆಗಳು. ಗಾಳಿ ತುಂಬಿ ವೇಗ ಸಿಕ್ಕಿದರೆ ಆ ರೆಕ್ಕೆಗಳು ಹಲಗೆಯನ್ನು ನೀರು ಬಿಟ್ಟು ಮೇಲೆತ್ತಬೇಕು. ಕಂಬ ತುಸು ಮುಂದಾದರೆ ಹಲಗೆ ಮೂತಿ ಎತ್ತಿ ಕೆಡವುತ್ತದೆ, ತುಸು ಹಿಂದಾದರೆ ಏಳುವುದೇ ಇಲ್ಲ. ಎರಡು ತಿಂಗಳಿಂದ ಅವನು ಊರ ಕೆರೆಯಲ್ಲಿ ಬೀಳುತ್ತಲೇ ಇದ್ದ.

"ಇವತ್ತು ಸಂಜೆಯೊಳಗೆ ಇದು ಏಳದಿದ್ರೆ ಮಾರಿಬಿಡೋಣ ಕಣ್ರೀ. ನಡುಮನೆಯಲ್ಲಿ ಇದನ್ನ ದಾಟಿ ದಾಟಿ ಸಾಕಾಗಿದೆ," ಅಂದಳು ಹೆಂಡತಿ. ಮದುವೆಗೆ ಮುಂಚೆ ಅವಳೂ ಇದೇ ಕೆರೆಯಲ್ಲಿ ಹಾಯಿಹಲಗೆ ಓಡಿಸಿದವಳು. ಹಾಗಾಗಿ ಅವಳಿಗೆ ಸಬೂಬು ಹೇಳುವಂತಿರಲಿಲ್ಲ.

ತೂಕ ಸಮವಾಗುವ ಜಾಗ ಹುಡುಕಲು ಅವನು ಕಂಬ ಬಿಚ್ಚಿ, ಆ ಜಾಗದಲ್ಲಿ ಹಲಗೆಯಡಿಗೆ ದುಂಡು ಪೈಪು ಇಟ್ಟ. ಹೆಂಡತಿಯನ್ನು ಹಲಗೆಯ ಮೇಲಿನ ಕಾಲುಪಟ್ಟಿಗಳಲ್ಲಿ ನಿಲ್ಲಿಸಿ, ತಾನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಗಾರೆಯವನಿಂದ ತಂದು ಹಲಗೆಗೆ ಹಚ್ಚಿದ ರಸಮಟ್ಟದ ಗುಳ್ಳೆ ನೋಡುತ್ತ ಪೈಪನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದ. ಗುಳ್ಳೆ ನಟ್ಟನಡುವೆ ನಿಂತಾಗ ಪೆನ್ಸಿಲಿನಿಂದ ಗೆರೆ ಎಳೆದು, ಕಂಬವನ್ನು ಅಲ್ಲೇ ಬಿಗಿದ.

ಕೆರೆಯ ದಡದಲ್ಲಿ ಸಲಹೆಗೇನೂ ಬರವಿರಲಿಲ್ಲ. ಭಾರ ಯಾವತ್ತೂ ಹಿಂದಿರಬೇಕೆಂದು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಕಂಬವನ್ನು ಎರಡು ಬೆರಳು ಮುಂದೆ ತಳ್ಳಿಸಿದರು. ಹಲಗೆ ಕೆರಳಿದ ಕುದುರೆಯ ಹಾಗೆ ಎದ್ದು ಅವನನ್ನು ಕೆಡವಿತು. ಕನ್ನಡಕ ಕೆರೆಯ ಪಾಲಾಯಿತು. ಹಲ್ಲು ಕೂರಿಸುವುದೂ ಇದೂ ಒಂದೇ ಎನ್ನುತ್ತ ಎದುರುಮನೆಯ ಹಲ್ಲಿನ ಡಾಕ್ಟರು ಹಿಂದಿನ ರೆಕ್ಕೆಯಡಿ ತೆಳು ತಗಡು ತೂರಿಸಿದರು. ಈ ಸಲ ಹಲಗೆ ಮೂತಿ ಮುಳುಗಿಸಿತು. ಹಾಯಿಯಡಿ ಸಿಕ್ಕಿಕೊಂಡವನನ್ನು ಸಲಹೆಗಾರರಿಬ್ಬರೂ ಸೇರಿ ಎಳೆದು ತಂದರು.

ಅವನು ತಗಡು ಕಿತ್ತೆಸೆದು, ಕಂಬವನ್ನು ಪೆನ್ಸಿಲ್ ಗೆರೆಗೇ ತಂದು ಮತ್ತೆ ಹತ್ತಿದ. ಈಗ ಹಲಗೆ ಕೆಡವಲೂ ಇಲ್ಲ, ಏಳಲೂ ಇಲ್ಲ. ಎಮ್ಮೆಯಂತೆ ನೀರಲ್ಲೇ ಹೋಗಿ ನೀರಲ್ಲೇ ಬಂತು. ಬಿಸಿಲು ಇಳಿಯುತ್ತಿತ್ತು.

"ಮಾರೋ ಮುಂಚೆ ನಾನೂ ಒಂದು ಸಲ ನೋಡ್ತೀನಿ, ಕೊಡಿ," ಅಂದಳು ಹೆಂಡತಿ.

ಅವಳು ಮೂವತ್ತು ಮಾರು ಹೋಗುವಷ್ಟರಲ್ಲಿ ನೀರಿನ ಸದ್ದೇ ನಿಂತುಹೋಯಿತು. ಹಲಗೆ ಎದ್ದಿತ್ತು. ಅಲೆಗೂ ಹಲಗೆಗೂ ನಡುವೆ ಮೊಣಕಾಲೆತ್ತರ ಬರೀ ಬೆಳಕು. ಕೆರೆಗೆ ಗೊತ್ತೇ ಆಗದ ಹಾಗೆ ಅವಳು ಅದರ ಮೇಲೆ ಹಾದುಹೋದಳು. ಡ್ರೈವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಡಾಕ್ಟರು ಉಳಿದ ತಗಡಿನ ಚೂರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಗಡಿಯಾರದವನ ಕನ್ನಡಕವಿಲ್ಲದ ಕಣ್ಣು ತುಂಬಿ ಬಂತು. ತಾನು ಬಿಗಿದ ಸ್ಕ್ರೂಗಳು ಗಾಳಿಯಲ್ಲಿ ಹೋಗುತ್ತಿದ್ದವು. ಇಷ್ಟು ಚೆಂದದ್ದನ್ನು ಅವನು ಬದುಕಿನಲ್ಲೇ ಕಂಡಿರಲಿಲ್ಲ.

ಆಮೇಲೆ ಅವನಿಗೆ ಹೊಳೆಯಿತು. ರಸಮಟ್ಟ ನೋಡಿದವನು ತಾನು, ಹಲಗೆಯ ಮೇಲೆ ನಿಂತಿದ್ದವಳು ಅವಳು. ಗುಳ್ಳೆ ನಡುವೆ ನಿಂತದ್ದು ಅವಳ ತೂಕಕ್ಕೆ. ಅವನದು ಅದಕ್ಕಿಂತ ಇಪ್ಪತ್ತು ಕೆಜಿ ಜಾಸ್ತಿ.

ಅವಳು ದಡ ಮುಟ್ಟಿದಾಗ ಮುಖದಲ್ಲಿ ಹದಿನೆಂಟರ ಕಳೆಯಿತ್ತು. ಅವನು ಖುಷಿಯಿಂದ ಓಡಿಬಂದು, ತೂಕದ ವಿಷಯ ಹೇಳುತ್ತಲೇ ಕಂಬವನ್ನು ತನ್ನ ತೂಕಕ್ಕೆ ಅರ್ಧ ಬೆರಳು ಮುಂದೆ ಸರಿಸಲು ಸ್ಪ್ಯಾನರ್ ಹಚ್ಚಿದ.

"ಮಾರೋದು ಬೇಡ ಕಣ್ರೀ," ಅಂದಳು ಅವಳು, ಸ್ಪ್ಯಾನರನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು. "ಇದನ್ನ ಮಾತ್ರ ಇನ್ಮೇಲೆ ಯಾರೂ ಮುಟ್ಟಬೇಡಿ. ಬೇಕಾದ್ರೆ ನೀವೇ ಇಪ್ಪತ್ತು ಕೆಜಿ ಇಳಿಸಿ."